ವಿದೇಶ ವ್ಯಾಸಂಗದಲ್ಲಿ ವಸತಿಯ ಹೊಣೆ: ಮಾರಿಕುಪ್ಪಂನಿಂದ ಒಸಾಕಾ ನಗರದವರೆಗೆ

ವಿದ್ಯಾರ್ಜನೆಗಾಗಿ ಪರದೇಶಕ್ಕೆ ಹೊರಡುವ ವಿದ್ಯಾರ್ಥಿಗೆ ನಮ್ಮ ಕಾಲೇಜುಗಳಲ್ಲಿ ದೊರೆಯುವ ಸಲಹೆಯು ಸಾಮಾನ್ಯವಾಗಿ ಮೂರು ವಿಷಯಗಳಿಗೆ ಸೀಮಿತವಾಗಿರುತ್ತದೆ: ಪ್ರವೇಶ, ವಿದ್ಯಾರ್ಥಿವೇತನ, ವೀಸಾ. ನಾಲ್ಕನೆಯದಾದ ವಸತಿಯನ್ನು ಹೋದ ಮೇಲೆ ನೋಡಿಕೊಂಡರಾಯಿತೆಂದು ಬಿಟ್ಟುಬಿಡುವುದು ವಾಡಿಕೆ. ಆದರೆ ಜಪಾನಿನಂತಹ ದೇಶದಲ್ಲಿ ವಿದ್ಯಾರ್ಥಿಯ ಮೊದಲ ವರ್ಷದ ನೆಮ್ಮದಿ ಕೆಡುವುದು ಪಾಠದ ಕಾಠಿನ್ಯದಿಂದ ಎಷ್ಟೋ, ಒಂದು ಕೋಣೆಯ ಬಾಗಿಲು ತೆರೆಯದಿರುವುದರಿಂದಲೂ ಅಷ್ಟೇ. ಕೈಯಲ್ಲಿ ಹಣವಿದ್ದೂ ಮನೆ ಸಿಕ್ಕದಿರುವುದು ಅಲ್ಲಿ ಸಾಧ್ಯ. ಇದು ಏಕೆ ಹೀಗೆ, ಇದಕ್ಕೆ ಪರಿಹಾರವೇನು, ಆ ಪರಿಹಾರದಲ್ಲಿ ನಮ್ಮ ಶಿಕ್ಷಣಸಂಸ್ಥೆಗಳ ಪಾಲೇನು ಎಂಬುದನ್ನು ಸಂಗ್ರಹವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ವಿಷಯವನ್ನು ಎರಡು ಊರುಗಳ ನಡುವೆ ಇಟ್ಟು ನೋಡುವುದು ಅನುಕೂಲವೆಂದು ನಮಗೆ ತೋರಿದೆ. ಒಂದು, ಕೋಲಾರ ಚಿನ್ನದ ಗಣಿ ಪ್ರದೇಶದ ಕೊನೆಯ ರೈಲುನಿಲ್ದಾಣವಾದ ಮಾರಿಕುಪ್ಪಂ. ಇನ್ನೊಂದು, ಜಪಾನಿನ ಒಸಾಕಾ. ಈ ಜೋಡಣೆ ಆಕಸ್ಮಿಕವಲ್ಲ. ಮುಂದೆ ವಿವರಿಸುವಂತೆ ಗಣಿಯ ನೆಲಕ್ಕೂ ಆ ನಗರಕ್ಕೂ ವಿಜ್ಞಾನದ ಮೂಲಕ ಹಳೆಯ ಸಂಬಂಧವುಂಟು. ಅದಲ್ಲದೆ, ಮನುಷ್ಯನಿಗೆ ಮನೆಯೆಂಬುದು ಯಾರ ಮಾತಿನ ಮೇಲೆ ದೊರೆಯುತ್ತದೆ ಎಂಬ ಪ್ರಶ್ನೆಗೆ ಈ ಎರಡು ಊರುಗಳು ಎರಡು ಬೇರೆ ಬೇರೆ ಉತ್ತರಗಳನ್ನು ಕೊಡುತ್ತವೆ.

1. ಕೆಲಸದ ಹಿಂದೆ ಬಂದ ಮನೆ

ಬೆಂಗಳೂರಿನಿಂದ ಪೂರ್ವಕ್ಕೆ ಹೋಗುವ ರೈಲುದಾರಿಯಲ್ಲಿ ಬಂಗಾರಪೇಟೆ ಜಂಕ್ಷನ್ ಇದೆ. ಹಿಂದೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಅವರ ಹೆಸರಿನಿಂದ ಬೌರಿಂಗ್‌ಪೇಟೆ ಎನ್ನಿಸಿಕೊಂಡಿದ್ದ ಊರಿದು. ಇಲ್ಲಿಂದ ಕವಲೊಡೆದು ಸುಮಾರು 16 ಕಿಲೋಮೀಟರು ಹೋಗುವ ದಾರಿಯು ಗಣಿಗಳ ನಡುವೆ ಹಾದು ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 1890ರ ದಶಕದಲ್ಲಿ ಈ ಕವಲನ್ನು ಹಾಕಿದುದು ಊರುಗಳಿಗಾಗಿ ಅಲ್ಲ, ಗಣಿಗಳಿಗಾಗಿ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆಯ ಆಡಳಿತದಲ್ಲಿ ಬೆಳೆದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಗಿ, 2001ರ ಫೆಬ್ರವರಿ 28ರಂದು ಮುಚ್ಚಿದವು.

ಗಣಿಯ ಕೆಲಸಗಾರರು ವಾಸಿಸಿದ್ದು 'ಲೈನು'ಗಳಲ್ಲಿ. ಒಂದರ ಪಕ್ಕಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತ ಸಣ್ಣ ಮನೆಗಳಿಗೆ ಇಲ್ಲಿಯ ಜನರು ಇಟ್ಟ ಹೆಸರದು. ಮೊದಮೊದಲು ತಟ್ಟಿಯ ಗೋಡೆ, ತಗಡಿನ ಮಾಡು. ಅನಂತರ ಕೆಲವೆಡೆ ಗಟ್ಟಿ ಗೋಡೆ. ನಮ್ಮ ವಿವೇಚನೆಗೆ ಬೇಕಾದ ಅಂಶವೆಂದರೆ, ಆ ಮನೆಯನ್ನು ಯಾರೂ ಹುಡುಕಿ ಹಿಡಿಯಲಿಲ್ಲ. ಗಣಿಗೆ ಇಳಿದವನಿಗೆ ಕಂಪನಿಯು ಮನೆ ಕೊಟ್ಟಿತು. ದಲ್ಲಾಳಿಯಿಲ್ಲ, ಮುಂಗಡವಿಲ್ಲ, ಮನೆಯೊಡೆಯನ ಪರೀಕ್ಷೆಯಿಲ್ಲ. ಕೆಲಸವೇ ಮನೆಗೆ ಜಾಮೀನು. ಈ ಏರ್ಪಾಡಿನ ಸೌಕರ್ಯ ಎಷ್ಟೋ ಅದರ ಅಪಾಯವೂ ಅಷ್ಟೇ ಎಂಬುದು 2001ರಲ್ಲಿ ಸ್ಪಷ್ಟವಾಯಿತು. ಕೆಲಸ ಹೋದ ದಿನವೇ ಮನೆಯ ಆಧಾರವೂ ಅಲುಗಾಡಿತು. ಜನರು ಲೈನುಗಳಲ್ಲಿ ಉಳಿದರು, ಆದರೆ ಯಾವ ಹಕ್ಕಿನಿಂದ ಉಳಿದರೆಂಬ ಪ್ರಶ್ನೆ ಅವರ ತಲೆಯ ಮೇಲೆ ತೂಗುತ್ತಲೇ ಬಂದಿತು.

ಇಂತಹ ಮನೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಬಾಡಿಗೆಯ ಕರಾರುಪತ್ರವು ಮನೆತನದ ಅನುಭವದಲ್ಲಿಲ್ಲದ ವಸ್ತು. ಬೆಂಗಳೂರಿನ ಕಾಲೇಜಿಗೆ ಸೇರಿದಾಗಲೂ ಮಾರಿಕುಪ್ಪಂನ ಅನೇಕ ವಿದ್ಯಾರ್ಥಿಗಳು ಕೋಣೆ ಹಿಡಿಯದೆ ರೈಲನ್ನು ಹಿಡಿಯುತ್ತಾರೆ. ಒಂದು ದಿಕ್ಕಿಗೆ ಎರಡು ಗಂಟೆಯ ಆಸುಪಾಸು ಹಿಡಿಯುವ ಪ್ರಯಾಣವನ್ನು ನಿತ್ಯವೂ ಎರಡು ಬಾರಿ ಮಾಡುವುದು, ಮುಂಗಡದ ಹಣವನ್ನು ಒಟ್ಟುಗೂಡಿಸುವುದಕ್ಕಿಂತ ಅವರ ಮನೆಗಳಿಗೆ ಸುಲಭ. ಇಂತಹವರಲ್ಲೊಬ್ಬರು ಒಸಾಕಾದ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾದರೆ, ರೈಲಿನಲ್ಲಿ ಮನೆಗೆ ಮರಳುವ ದಾರಿ ಅಲ್ಲಿಲ್ಲ. ಅವರು ಬಾಳಿನಲ್ಲಿ ಮೊದಲ ಸಲ ಬಾಡಿಗೆದಾರರಾಗುವುದು ಭಾಷೆ ತಿಳಿಯದ ನಾಡಿನಲ್ಲಿ.

2. ಗಣಿಯ ಆಳ ಮತ್ತು ಒಸಾಕಾ

ಕೋಲಾರದ ಗಣಿಗಳಿಗೂ ಒಸಾಕಾಕ್ಕೂ ಇರುವ ಸಂಬಂಧವನ್ನು ಇಲ್ಲಿ ಸ್ವಲ್ಪ ಹೇಳಬೇಕು. ವಿಶ್ವಕಿರಣಗಳ ಅಧ್ಯಯನಕ್ಕೆ ಭೂಮಿಯ ಆಳವಾದ ಗಣಿಗಳು ಅನುಕೂಲವೆಂದು ಮನಗಂಡು, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಪರವಾಗಿ ಬಿ. ವಿ. ಶ್ರೀಕಂಠನ್ ಅವರು 1951ರಲ್ಲಿ ಈ ಗಣಿಗಳಲ್ಲಿ ಪ್ರಯೋಗಗಳನ್ನು ಆರಂಭಿಸಿದರು. 1960ರ ದಶಕದಲ್ಲಿ ಒಸಾಕಾ ನಗರ ವಿಶ್ವವಿದ್ಯಾಲಯದ ಮಿಯಾಕೆ ಮತ್ತು ಅವರ ಸಹೋದ್ಯೋಗಿಗಳು ಈ ಕಾರ್ಯದಲ್ಲಿ ಕೂಡಿಕೊಂಡರು. ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯವೂ ಸೇರಿ, 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರು ಆಳದಲ್ಲಿಟ್ಟ ಉಪಕರಣಗಳಿಂದ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಕುರುಹನ್ನು ಕಂಡುಹಿಡಿದರು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಅದೇ ಕಾಲಕ್ಕೆ ನಡೆದ ಪ್ರಯೋಗವನ್ನು ಬಿಟ್ಟರೆ ಅದಕ್ಕೆ ಮೊದಲು ಇಂತಹ ಸಾಧನೆ ಎಲ್ಲಿಯೂ ಆಗಿರಲಿಲ್ಲ. 1980ರ ದಶಕದಲ್ಲಿ ಪ್ರೋಟಾನಿನ ಕ್ಷಯವನ್ನು ಅರಸಿದ ಪ್ರಯೋಗದಲ್ಲಿಯೂ ಒಸಾಕಾದ ವಿಜ್ಞಾನಿಗಳು ಪಾಲುಗೊಂಡಿದ್ದರು.

ಈ ಸಂಬಂಧ ವಿಜ್ಞಾನಕ್ಕಷ್ಟೇ ನಿಲ್ಲಲಿಲ್ಲ. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಗಣಿ ಪ್ರದೇಶದಲ್ಲಿರುವ ತನ್ನ ಕಾರ್ಖಾನೆಯಲ್ಲಿ ಜಪಾನಿನ ಕೊಮಾತ್ಸು ಸಂಸ್ಥೆಯ ತಾಂತ್ರಿಕ ಸಹಕಾರದಿಂದ ಬುಲ್ಡೋಜರುಗಳನ್ನು ತಯಾರಿಸಿತು. ಹೀಗಾಗಿ ಜಪಾನೆಂಬುದು ಈ ಪ್ರದೇಶದ ವಿದ್ಯಾವಂತ ಮನೆಗಳಲ್ಲಿ ತೀರ ಅಪರಿಚಿತವಾದ ಹೆಸರೇನೂ ಅಲ್ಲ.

ಈ ಪ್ರಯೋಗಗಳಿಂದ ವಸತಿಯ ವಿಷಯದಲ್ಲಿಯೂ ಒಂದು ಪಾಠವುಂಟು. ಬೊಂಬಾಯಿಯಿಂದಾಗಲಿ ಒಸಾಕಾದಿಂದಾಗಲಿ ಬಂದ ವಿಜ್ಞಾನಿಯು ಗಣಿಯ ಪಂಜರದಲ್ಲಿ ಕುಳಿತು ಪಾತಾಳಕ್ಕೆ ಇಳಿಯಬೇಕಾದರೆ ಒಂದು ಸಂಸ್ಥೆ ಅವನ ಪರವಾಗಿ ಇನ್ನೊಂದು ಸಂಸ್ಥೆಗೆ ಮಾತು ಕೊಡಬೇಕಾಗಿತ್ತು. ವ್ಯಕ್ತಿ ಒಂಟಿಯಾಗಿ ಬರಲಿಲ್ಲ, ಹೊಣೆಯೊಂದಿಗೆ ಬಂದನು. ಇಂದು ಸ್ವಂತ ಖರ್ಚಿನಿಂದ ಜಪಾನಿಗೆ ಹೋಗುವ ವಿದ್ಯಾರ್ಥಿಯಾದರೋ ಬಹುಮಟ್ಟಿಗೆ ಒಂಟಿಯಾಗಿಯೇ ಹೋಗುತ್ತಾನೆ. ಮೇಲೆ ಹೇಳಿದ ಒಸಾಕಾ ನಗರ ವಿಶ್ವವಿದ್ಯಾಲಯವು 2022ರ ಏಪ್ರಿಲಿನಲ್ಲಿ ಅಲ್ಲಿಯ ಪ್ರಾಂತ ವಿಶ್ವವಿದ್ಯಾಲಯದೊಡನೆ ಕೂಡಿ ಒಸಾಕಾ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯವಾಗಿದೆ. ಸುಮಿಯೋಶಿ ವಾರ್ಡಿನಲ್ಲಿ, ಸುಗಿಮೊತೊಚೊ ರೈಲುನಿಲ್ದಾಣದ ಬಳಿಯಿರುವ ಅದರ ಹಳೆಯ ಆವರಣವನ್ನು ನಮ್ಮ ಉದಾಹರಣೆಗಾಗಿ ಮನಸ್ಸಿನಲ್ಲಿಟ್ಟುಕೊಳ್ಳೋಣ. ಅಲ್ಲಿಗೆ ಹೋದ ವಿದ್ಯಾರ್ಥಿಗೆ ಇರುವ ದಾರಿಗಳೇನು?

3. ವಸತಿಯ ಬಗೆಗಳು

ಸ್ಥೂಲವಾಗಿ ನಾಲ್ಕು ಬಗೆಗಳನ್ನು ಹೇಳಬಹುದು. ಮೊದಲನೆಯದು ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯ. ಇದು ಎಲ್ಲಕ್ಕಿಂತ ಅಗ್ಗವಾದುದು, ಹೊಣೆಗಾರನ ಕಷ್ಟ ಕಡಿಮೆಯಾದುದು. ಆದರೆ ಕೋಣೆಗಳು ಕೆಲವೇ, ಇರುವ ಅವಧಿಯೂ ಅನೇಕ ಕಡೆಗಳಲ್ಲಿ ಮಿತವಾದುದು. ಪ್ರವೇಶಪತ್ರ ಬಂದ ಕೂಡಲೆ ಇದಕ್ಕೆ ಅರ್ಜಿ ಹಾಕದಿದ್ದವನಿಗೆ ಇದು ಸಿಕ್ಕುವುದಿಲ್ಲವೆಂದೇ ತಿಳಿಯಬೇಕು. ಎರಡನೆಯದು ಖಾಸಗಿ ಕಂಪನಿಗಳು ನಡೆಸುವ ವಿದ್ಯಾರ್ಥಿಗೃಹಗಳು ಮತ್ತು ಹಲವರು ಅಡುಗೆಮನೆ ಹಂಚಿಕೊಂಡಿರುವ ಮನೆಗಳು. ಮೂರನೆಯದು ಯು. ಆರ್. ಎಂಬ ಸರ್ಕಾರಿ ಸಂಸ್ಥೆಯ ಬಾಡಿಗೆ ಮನೆಗಳು. 1955ರಲ್ಲಿ ಸ್ಥಾಪಿತವಾದ ಜಪಾನಿನ ವಸತಿ ನಿಗಮದ ಉತ್ತರಾಧಿಕಾರಿ ಈ ಸಂಸ್ಥೆ. ಇದರ ಮನೆಗಳಿಗೆ ಎರಡು ತಿಂಗಳ ಠೇವಣಿ ಉಂಟೇ ಹೊರತು ದಲ್ಲಾಳಿಯ ಹಣವಿಲ್ಲ, ಹೊಣೆಗಾರ ಬೇಕಿಲ್ಲ. ಆದರೆ ಆದಾಯವನ್ನೋ ಉಳಿತಾಯವನ್ನೋ ಕಾಗದಪತ್ರಗಳಿಂದ ತೋರಿಸಬೇಕು. ನಾಲ್ಕನೆಯದು ಬೀದಿಯ ದಲ್ಲಾಳಿ ಅಂಗಡಿಯ ಮೂಲಕ ಹಿಡಿಯುವ ಖಾಸಗಿ ಕೋಣೆ. ಹೆಚ್ಚಿನ ವಿದ್ಯಾರ್ಥಿಗಳು ಇಂದಲ್ಲ ನಾಳೆ ಈ ನಾಲ್ಕನೆಯದಕ್ಕೆ ಬರಲೇಬೇಕಾಗುವುದರಿಂದ ಮುಂದಿನ ವಿವರಣೆಯು ಮುಖ್ಯವಾಗಿ ಇದಕ್ಕೆ ಸಂಬಂಧಿಸಿದೆ.

ದಲ್ಲಾಳಿಯ ಅಂಗಡಿಯ ಜಾಹೀರಾತನ್ನು ಓದುವುದಕ್ಕೆ ಎರಡು ಅಳತೆಗಳನ್ನು ತಿಳಿದಿರಬೇಕು. ಕೋಣೆಯ ವಿಸ್ತಾರವನ್ನು ಅಲ್ಲಿ ತತಾಮಿ ಚಾಪೆಯ ಲೆಕ್ಕದಿಂದ, 'ಜೊ' ಎಂಬ ಮಾನದಲ್ಲಿ ಹೇಳುತ್ತಾರೆ. ಜಾಹೀರಾತಿನ ನಿಯಮದಂತೆ ಒಂದು ಜೊ 1.62 ಚದರ ಮೀಟರಿಗೆ ಕಡಿಮೆಯಿರಬಾರದು. ಆರು ಜೊ ಕೋಣೆಯೆಂದರೆ ನಮ್ಮ ಹತ್ತಡಿ ಚೌಕದ ಕೋಣೆಗಿಂತ ತುಸು ಮಾತ್ರ ದೊಡ್ಡದು. ನಿಲ್ದಾಣದಿಂದ ಇರುವ ದೂರವನ್ನು ನಡಿಗೆಯ ನಿಮಿಷಗಳಲ್ಲಿ ಹೇಳುತ್ತಾರೆ. ಒಂದು ನಿಮಿಷಕ್ಕೆ 80 ಮೀಟರು ಎಂದು ಲೆಕ್ಕ. ಏರುದಾರಿಯಾಗಲಿ ದಾಟುಗಡೆಯ ದೀಪಕ್ಕಾಗಿ ಕಾಯುವ ಹೊತ್ತಾಗಲಿ ಇದರಲ್ಲಿ ಸೇರಿಲ್ಲ. ನಿಲ್ದಾಣದಿಂದ ದೂರವಾದಷ್ಟೂ ಬಾಡಿಗೆ ಇಳಿಯುತ್ತದೆ. ಮಾರಿಕುಪ್ಪಂನ ವಿದ್ಯಾರ್ಥಿಗೆ ಇಲ್ಲಿ ಒಂದು ಅನುಕೂಲವಿದೆ: ಎರಡು ಗಂಟೆಯ ರೈಲುಪ್ರಯಾಣಕ್ಕೆ ಒಗ್ಗಿದವನಿಗೆ ನಲವತ್ತು ನಿಮಿಷದ ಪ್ರಯಾಣ ಭಾರವೆನಿಸದು. ಪದವಿಯ ವ್ಯಾಸಂಗಕ್ಕೆ ಸೇರಿದವರಿಗೆ ರಿಯಾಯಿತಿ ದರದ ಪಾಸೂ ದೊರೆಯುತ್ತದೆ. ಆದಕಾರಣ ವಿಶ್ವವಿದ್ಯಾಲಯದ ಬಾಗಿಲಲ್ಲಿಯೇ ಕೋಣೆ ಬೇಕೆಂಬ ಹಟವನ್ನು ಬಿಡುವುದು ಲೇಸು.

ಕಾಲವನ್ನೂ ಗಮನಿಸಬೇಕು. ಜಪಾನಿನ ಶೈಕ್ಷಣಿಕ ವರ್ಷ ಏಪ್ರಿಲಿನಲ್ಲಿ ತೊಡಗುವುದರಿಂದ ಜನವರಿಯಿಂದ ಮಾರ್ಚಿಯವರೆಗೆ ಇಡೀ ದೇಶವೇ ಮನೆ ಬದಲಾಯಿಸುವಂತೆ ತೋರುತ್ತದೆ. ಆಗ ಕೋಣೆಗಳು ಹೆಚ್ಚು, ಪೈಪೋಟಿಯೂ ಹೆಚ್ಚು. ಅಕ್ಟೋಬರಿನಲ್ಲಿ ಸೇರುವವರಿಗೆ ಆಯ್ಕೆ ಕಡಿಮೆ, ಅವಸರವೂ ಕಡಿಮೆ.

4. ಹಣದ ಲೆಕ್ಕ

ನಮ್ಮ ಕಡೆಯಲ್ಲಿ ಮನೆ ಬಾಡಿಗೆಯ ರೂಢಿಗಳು ಎರಡು: ಮುಂಗಡ ಕೊಟ್ಟು ತಿಂಗಳು ತಿಂಗಳು ಬಾಡಿಗೆ ತೆರುವುದು, ಇಲ್ಲವೆ ದೊಡ್ಡ ಮೊತ್ತವೊಂದನ್ನು ಕೊಟ್ಟು ಬಾಡಿಗೆಯಿಲ್ಲದೆ ಭೋಗ್ಯಕ್ಕೆ ಇರುವುದು. ಎರಡರಲ್ಲಿಯೂ ಕೊಟ್ಟ ದೊಡ್ಡ ಹಣ ಮರಳಿ ಬರತಕ್ಕದ್ದು. ಈ ಭಾವನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಜಪಾನಿಗೆ ಹೋದವನು ಮೋಸಹೋಗುವುದು ಖಂಡಿತ.

ಅಲ್ಲಿ ಆರಂಭದ ಹಣವು ಹಲವು ಹೆಸರುಗಳಲ್ಲಿ ಹಂಚಿಹೋಗಿರುತ್ತದೆ. 'ಶಿಕಿಕಿನ್' ಎಂಬುದು ಠೇವಣಿ. ಬಾಕಿಯನ್ನೂ ಬಾಡಿಗೆದಾರನ ತಪ್ಪಿನಿಂದಾದ ಹಾನಿಯನ್ನೂ ಕಳೆದು ಹಿಂದಿರುಗಿಸತಕ್ಕದ್ದು. 'ರೇಕಿನ್' ಎಂಬುದು ಮನೆಯೊಡೆಯನಿಗೆ ಸಲ್ಲಿಸುವ ಮರ್ಯಾದೆಯ ಹಣ. ಇದು ಮರಳಿ ಬರುವುದಿಲ್ಲ. ದಲ್ಲಾಳಿಯ ಹಣವು ಒಂದು ತಿಂಗಳ ಬಾಡಿಗೆ ಮತ್ತು ಅದರ ಮೇಲಿನ ತೆರಿಗೆಯನ್ನು ಮೀರಕೂಡದೆಂದು ಕಾನೂನಿದೆ. ಇವಲ್ಲದೆ ಹೊಣೆ ಕಂಪನಿಯ ಶುಲ್ಕ, ಬೆಂಕಿ ವಿಮೆ, ಬೀಗ ಬದಲಾವಣೆಯ ಖರ್ಚು ಇವೆ.

ತಿಳಿಯುವುದಕ್ಕಾಗಿ ಒಂದು ಲೆಕ್ಕ ಮಾಡೋಣ. ತಿಂಗಳ ಬಾಡಿಗೆ 40,000 ಯೆನ್ ಎಂದಿಟ್ಟುಕೊಂಡರೆ, ಠೇವಣಿ ಒಂದು ತಿಂಗಳದು 40,000, ರೇಕಿನ್ 40,000, ದಲ್ಲಾಳಿಗೆ ತೆರಿಗೆ ಸೇರಿ 44,000, ಹೊಣೆ ಕಂಪನಿಗೆ ಅರ್ಧ ತಿಂಗಳದು 20,000, ಮೊದಲ ತಿಂಗಳ ಬಾಡಿಗೆ 40,000, ವಿಮೆ ಮತ್ತು ಬೀಗಕ್ಕೆ ಸುಮಾರು 30,000. ಒಟ್ಟು 2,14,000 ಯೆನ್. ಐದು ತಿಂಗಳ ಬಾಡಿಗೆಗಿಂತಲೂ ಹೆಚ್ಚಿನ ಈ ಮೊತ್ತದಲ್ಲಿ ಮರಳುವ ಸಂಭವವಿರುವುದು 40,000 ಮಾತ್ರ. ಬೆಂಗಳೂರಿನಲ್ಲಿ ಬಹುಕಾಲ ರೂಢಿಯಲ್ಲಿದ್ದ ಹತ್ತು ತಿಂಗಳ ಮುಂಗಡವು ಇದಕ್ಕಿಂತ ಭಾರವಾಗಿ ಕಂಡರೂ, ಸುಣ್ಣಬಣ್ಣಕ್ಕೆಂದು ಒಂದು ತಿಂಗಳದನ್ನು ಹಿಡಿದುಕೊಂಡ ಮೇಲೆ ಉಳಿದುದು ಕೈಸೇರಬೇಕಾದ ಹಣ. ಅಂದರೆ, ಬೆಂಗಳೂರಿನಲ್ಲಿ ಸಾಲ ತಂದು ಮುಂಗಡ ಕೊಡಬಹುದು. ಒಸಾಕಾದಲ್ಲಿ ಸಾಲ ತಂದು ಕೊಟ್ಟರೆ ಆ ಸಾಲ ತೀರಿಸುವುದಕ್ಕೆ ಬೇರೆ ಹಣ ಹುಡುಕಬೇಕು. ವಿದ್ಯಾರ್ಥಿಯ ತಂದೆತಾಯಿಗಳಿಗೆ ಈ ವ್ಯತ್ಯಾಸವನ್ನು ಹೊರಡುವ ಮೊದಲೇ ತಿಳಿಸುವುದು ಅಧ್ಯಾಪಕರ ಕರ್ತವ್ಯ. ವಿದ್ಯಾರ್ಥಿಯು ಅನುಮತಿ ಪಡೆದು ವಾರಕ್ಕೆ 28 ಗಂಟೆಗಳವರೆಗೆ ದುಡಿಯಬಹುದು. ಆದರೆ ಆ ದುಡಿಮೆಯ ಹಣ ಕೈಗೆ ಬರುವುದು ಕೋಣೆ ಸಿಕ್ಕಿದ ಮೇಲೆಯೇ ಹೊರತು ಮೊದಲಲ್ಲ. ರೇಕಿನ್ ಇಲ್ಲದ ಮನೆಗಳೂ ಉಂಟು. ಅವನ್ನೇ ಕೇಳಿ ಹುಡುಕಬೇಕು.

5. ಹೊಣೆಗಾರನ ಪ್ರಶ್ನೆ

ಹಣ ಕೂಡಿತೆಂದು ಇಟ್ಟುಕೊಳ್ಳೋಣ. ನಿಜವಾದ ಕಷ್ಟ ಇಲ್ಲಿಂದ ಮುಂದೆ. ಜಪಾನಿನ ಮನೆಯೊಡೆಯನು ಬಾಡಿಗೆದಾರನ ಜೊತೆಗೆ ಅವನ 'ಹೋಶೋನಿನ್' ಯಾರೆಂದು ಕೇಳುತ್ತಾನೆ. ಕನ್ನಡದ ಹೊಣೆಗಾರ ಎಂಬ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ಹೊಣೆಯೆಂದರೆ ನಮ್ಮಲ್ಲಿ ಜವಾಬ್ದಾರಿ ಎಂದೂ ಜಾಮೀನು ಎಂದೂ ಅರ್ಥವುಂಟಷ್ಟೆ. ಬಾಡಿಗೆ ನಿಂತರೆ, ಮನೆ ಹಾಳಾದರೆ, ಬಾಡಿಗೆದಾರ ಹೇಳದೆ ಕೇಳದೆ ಹೊರಟುಹೋದರೆ, ಹೊಣೆಗಾರನು ಆ ನಷ್ಟವನ್ನು ತುಂಬಬೇಕು. ಮೊದಲು ಬಾಡಿಗೆದಾರನನ್ನು ಕೇಳಿರಿ ಎಂದು ಜಾರಿಕೊಳ್ಳುವ ಅವಕಾಶವೂ ಕೂಡುಹೊಣೆಗಾರನಿಗೆ ಇಲ್ಲ. ಹೀಗಿರಲು, ಒಂದೆರಡು ತಿಂಗಳ ಪರಿಚಯದ ಪರದೇಶಿ ವಿದ್ಯಾರ್ಥಿಗೆ ಹೊಣೆಯಾಗಲು ಅಲ್ಲಿಯ ಪ್ರಾಧ್ಯಾಪಕರು ಹಿಂದೆಗೆದರೆ ಅದನ್ನು ನಿರ್ದಯೆಯೆಂದು ಎಣಿಸಲಾಗದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಾಗರಿಕ ಸಂಹಿತೆಯ ತಿದ್ದುಪಡಿಯು, ವ್ಯಕ್ತಿಯೊಬ್ಬ ಇಂತಹ ಹೊಣೆ ಹೊತ್ತರೆ ಅದರ ಗರಿಷ್ಠ ಮೊತ್ತವನ್ನು ಪತ್ರದಲ್ಲಿ ಬರೆಯಲೇಬೇಕೆಂದು ವಿಧಿಸಿ ಈ ಭಾರಕ್ಕೆ ಒಂದು ಎಲ್ಲೆ ಹಾಕಿದೆ.

ಮನೆಯೊಡೆಯರು ಬಾಗಿಲಲ್ಲಿಯೇ ಇಷ್ಟು ಪರೀಕ್ಷೆ ಮಾಡುವುದಕ್ಕೆ ಕಾರಣವಿಲ್ಲದಿಲ್ಲ. ಜಪಾನಿನ ಕಾನೂನು ಒಳಗೆ ಬಂದ ಬಾಡಿಗೆದಾರನನ್ನು ಬಲವಾಗಿ ರಕ್ಷಿಸುತ್ತದೆ. ನ್ಯಾಯವಾದ ಕಾರಣವಿಲ್ಲದೆ ಕರಾರಿನ ನವೀಕರಣವನ್ನು ಮನೆಯೊಡೆಯನು ನಿರಾಕರಿಸುವಂತಿಲ್ಲ ಎಂಬ ನಿಯಮವು ಯುದ್ಧಕಾಲದಲ್ಲಿ, 1941ರಲ್ಲಿ, ಬಂದು, 1991ರ ಭೂಮಿ ಮತ್ತು ಮನೆ ಗೇಣಿಯ ಶಾಸನದಲ್ಲಿಯೂ ಉಳಿದುಕೊಂಡಿತು. ಹೊರಗೆ ಕಳುಹಿಸುವುದು ಕಷ್ಟವಾದಾಗ ಒಳಗೆ ಬಿಡುವಾಗ ಎಚ್ಚರಿಕೆ ಹೆಚ್ಚುವುದು ಸಹಜ. ಒಳಗಿರುವವನಿಗೆ ಆಶ್ರಯವಾದ ನಿಯಮವೇ ಹೊರಗಿರುವವನಿಗೆ ಅಗುಳಿಯಾಗುತ್ತದೆ.

ಆದರೆ ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟುವುದು ಸತ್ಯಕ್ಕೆ ಅಪಚಾರ. ಜಪಾನಿನ ನ್ಯಾಯ ಮಂತ್ರಾಲಯವು ವಿದೇಶೀಯ ನಿವಾಸಿಗಳನ್ನು ವಿಚಾರಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದವರಲ್ಲಿ 39.3 ಪ್ರತಿಶತ ಜನ ತಾವು ವಿದೇಶೀಯರೆಂಬ ಕಾರಣದಿಂದ ಮನೆ ನಿರಾಕರಿಸಲ್ಪಟ್ಟಿತೆಂದು ಹೇಳಿದರು. ಜಪಾನೀ ಹೊಣೆಗಾರನಿಲ್ಲವೆಂದು ನಿರಾಕರಿಸಲ್ಪಟ್ಟವರು 41.2 ಪ್ರತಿಶತ. ವಿದ್ಯಾರ್ಥಿಯ ಯೋಗ್ಯತೆಗೂ ಈ ನಿರಾಕರಣೆಗೂ ಸಂಬಂಧವಿಲ್ಲ. ಈ ಅಂಕಿಗಳನ್ನು ಮೊದಲೇ ತಿಳಿದಿದ್ದರೆ, ಮೂರನೆಯ ಅಂಗಡಿಯಲ್ಲಿಯೂ ಇಲ್ಲವೆನ್ನಿಸಿಕೊಂಡು ಬಂದ ಸಂಜೆ ಅವನು ತನ್ನನ್ನೇ ಹಳಿದುಕೊಳ್ಳದಿರಬಹುದು.

ಇದರೊಡನೆ ಇನ್ನೊಂದು ಸುತ್ತು ಸೇರಿಕೊಳ್ಳುತ್ತದೆ. ಕನ್ಸಾಯ್ ವಿಮಾನನಿಲ್ದಾಣದಲ್ಲಿ ಇಳಿದ ಕೂಡಲೆ ನಿವಾಸದ ಚೀಟಿ ಕೈಗೆ ಬರುತ್ತದೆ, ಆದರೆ ಅದರಲ್ಲಿ ವಿಳಾಸವಿರುವುದಿಲ್ಲ. ವಾಸಸ್ಥಳ ಗೊತ್ತಾದ 14 ದಿನಗಳೊಳಗೆ ಆ ವಾರ್ಡಿನ ಕಚೇರಿಗೆ ಹೋಗಿ ವಿಳಾಸವನ್ನು ಬರೆಯಿಸಬೇಕು. ಒಸಾಕಾ ನಗರದಲ್ಲಿ ಇಂತಹ 24 ವಾರ್ಡುಗಳಿವೆ. ವಿಳಾಸವಿಲ್ಲದೆ ದೂರವಾಣಿ ದೊರೆಯುವುದು ಕಷ್ಟ, ದೂರವಾಣಿಯಿಲ್ಲದೆ ಬ್ಯಾಂಕಿನ ಖಾತೆ ಕಷ್ಟ, ಇವೆರಡೂ ಇಲ್ಲದವನಿಗೆ ಕೋಣೆ ಕೊಡಲು ದಲ್ಲಾಳಿ ಅನುಮಾನಿಸುತ್ತಾನೆ, ಕೋಣೆಯಿಲ್ಲದೆ ವಿಳಾಸವಿಲ್ಲ. ಹೋಟೆಲಿನ ವಿಳಾಸವನ್ನು ಸಾಮಾನ್ಯವಾಗಿ ವಾಸದ ವಿಳಾಸವೆಂದು ಒಪ್ಪುವುದಿಲ್ಲ. ಈ ಸುತ್ತನ್ನು ಕಡಿಯಬಲ್ಲುದು ಒಂದೇ: ಮೊದಲ ಕೆಲವು ತಿಂಗಳುಗಳಿಗಾದರೂ ವಿದ್ಯಾರ್ಥಿನಿಲಯದಲ್ಲಿಯೋ ಹಂಚಿಕೊಂಡ ಮನೆಯಲ್ಲಿಯೋ ಊರಿನಿಂದ ಹೊರಡುವ ಮೊದಲೇ ಗೊತ್ತುಮಾಡಿಕೊಂಡ ಒಂದು ಜಾಗ.

ವ್ಯಕ್ತಿಯ ಬದಲು ಕಂಪನಿಯೊಂದು ಶುಲ್ಕ ಪಡೆದು ಹೊಣೆಯಾಗುವ ಏರ್ಪಾಡು ಈಗ ಬಹಳವಾಗಿ ಬಳಕೆಯಲ್ಲಿದೆ. ಇದರ ಬಗ್ಗೆ ಒಂದು ತಪ್ಪುಗ್ರಹಿಕೆಯನ್ನು ತಿದ್ದಬೇಕು. ಶುಲ್ಕ ಕೊಡುವವನು ಬಾಡಿಗೆದಾರನಾದರೂ ರಕ್ಷಣೆ ಮನೆಯೊಡೆಯನಿಗೆ. ಬಾಡಿಗೆ ನಿಂತರೆ ಕಂಪನಿಯು ಒಡೆಯನಿಗೆ ಹಣ ಕೊಟ್ಟು, ಅನಂತರ ಅದನ್ನು ಬಾಡಿಗೆದಾರನಿಂದಲೇ ವಸೂಲು ಮಾಡುತ್ತದೆ. ಅಷ್ಟೇ ಅಲ್ಲ, ಕಂಪನಿಯೂ ಅನೇಕ ವೇಳೆ ಜಪಾನಿನಲ್ಲಿರುವ ಒಬ್ಬರ ಹೆಸರನ್ನು ತುರ್ತಿನ ಸಂಪರ್ಕಕ್ಕೆಂದು ಕೇಳುತ್ತದೆ. ಹಣ ಕೊಟ್ಟು ಹೊಣೆಯನ್ನು ಕೊಂಡರೂ ಪರಿಚಯದ ಒಂದು ಹೆಸರು ಬೇಕೇ ಬೇಕು. ಆದುದರಿಂದಲೇ, ವಿದ್ಯಾರ್ಥಿ ವಿಮೆಯ ಆಧಾರದ ಮೇಲೆ ವಿಶ್ವವಿದ್ಯಾಲಯವೇ ಹೊಣೆಯಾಗಿ ನಿಲ್ಲುವ ಪದ್ಧತಿಯನ್ನು ಜಪಾನಿನ ಕೆಲವು ವಿಶ್ವವಿದ್ಯಾಲಯಗಳು ಅನುಸರಿಸಿದುದು ಸ್ತುತ್ಯವಾದುದು. ತಾನು ಸೇರುವ ವಿಶ್ವವಿದ್ಯಾಲಯದಲ್ಲಿ ಈ ಪದ್ಧತಿಯಿದೆಯೇ ಎಂಬುದು ವಿದ್ಯಾರ್ಥಿಯು ಬರೆಯುವ ಮೊದಲ ಪತ್ರದಲ್ಲಿಯೇ ಇರಬೇಕಾದ ಪ್ರಶ್ನೆ.

6. ಈ ಪ್ರಶ್ನೆ ನಮಗೆ ಹೊಸದಲ್ಲ

ಇಷ್ಟನ್ನು ಓದಿ, ಜಪಾನೀಯರು ಪರಕೀಯರನ್ನು ಶಂಕಿಸುವವರು ಎಂದು ತೀರ್ಮಾನಿಸಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ನಾಡಿನ ವಿದ್ಯಾರ್ಥಿ ವಸತಿಯ ಇತಿಹಾಸವನ್ನು ಬಲ್ಲವರು ಹಾಗೆ ಮಾಡಲಾರರು. ಹಳ್ಳಿಯಿಂದ ಮೈಸೂರಿಗೋ ಬೆಂಗಳೂರಿಗೋ ಓದಲು ಬಂದ ಬಡ ಹುಡುಗನಿಗೆ ಒಂದು ಕಾಲದಲ್ಲಿ ವಾರಾನ್ನವೇ ಗತಿಯಾಗಿತ್ತು. ಆದರೆ ಆ ಅನ್ನವೂ ಅವನ ಜಾತಿಯನ್ನು ನೋಡಿಯೇ ಬಡಿಸಲ್ಪಡುತ್ತಿತ್ತು. 1906ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘವೇ ಮೊದಲಾದ ಸಂಸ್ಥೆಗಳು ವಿದ್ಯಾರ್ಥಿನಿಲಯಗಳನ್ನು ತೆರೆದುದು, ತಮ್ಮ ಮಕ್ಕಳಿಗೆ ಪಟ್ಟಣದಲ್ಲಿ ಹೊಣೆಯಾಗುವವರು ಬೇರೆ ಯಾರೂ ಇಲ್ಲವೆಂಬ ಅರಿವಿನಿಂದ. ಹೊಣೆಯು ಕುಲದ ಎಲ್ಲೆಯನ್ನು ದಾಟಿದ ಉದಾಹರಣೆಗಳೂ ಇವೆ. ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಯ ಮಕ್ಕಳಿಗೂ ಅನ್ನವನ್ನೂ ಆಸರೆಯನ್ನೂ ಕೊಟ್ಟರು. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಅವರನ್ನು ಸ್ವಾಮಿ ಸಿದ್ಧೇಶ್ವರಾನಂದರು ಶ್ರೀ ರಾಮಕೃಷ್ಣಾಶ್ರಮಕ್ಕೆ ಕರೆತಂದು ಇರಿಸಿಕೊಂಡುದನ್ನು ಕನ್ನಡಿಗರೆಲ್ಲರೂ ಬಲ್ಲರು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರವು ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳನ್ನು ವಿಸ್ತರಿಸಿದುದು ರಾಜ್ಯವೇ ಹೊಣೆ ಹೊತ್ತುದಕ್ಕೆ ನಿದರ್ಶನ.

ಇಂದಿಗೂ ಬೆಂಗಳೂರಿನ ಬಡಾವಣೆಗಳಲ್ಲಿ ಬಾಡಿಗೆಗೆ ಮನೆ ಕೇಳಿದವನಿಗೆ 'ನೀವು ಯಾವ ಜನ? ಮನೆಯಲ್ಲಿ ಏನು ಅಡುಗೆ?' ಎಂಬ ಪ್ರಶ್ನೆಗಳು ತಪ್ಪಿದ್ದಲ್ಲ. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಫಲಕವು ನಮ್ಮಲ್ಲಿ ಅಪರೂಪವೇನೂ ಅಲ್ಲ. ಗಣಿಯ ಲೈನುಗಳಿಂದ ಬಂದ, ಹೆಚ್ಚಾಗಿ ದಲಿತ ಮನೆತನಗಳ ವಿದ್ಯಾರ್ಥಿಗಳು ಒಸಾಕಾದ ಬಾಗಿಲಿಗೆ ಮೊದಲು ಈ ಬಾಗಿಲುಗಳನ್ನೇ ಕಂಡಿರುತ್ತಾರೆ. ಒಸಾಕಾದಲ್ಲಿ ಪರದೇಶಿಯೆಂದೂ ಬೆಂಗಳೂರಿನಲ್ಲಿ ಪರಕುಲದವನೆಂದೂ ನಿರಾಕರಿಸುವುದು ಒಂದೇ ಮನೋಧರ್ಮದ ಎರಡು ರೂಪಗಳು. ವ್ಯತ್ಯಾಸವಿಷ್ಟೇ: ಜಪಾನಿನಲ್ಲಿ ಹೊಣೆಗಾರನ ಹೆಸರನ್ನು ಕಾಗದದ ಮೇಲೆ ಕೇಳುತ್ತಾರೆ, ನಮ್ಮಲ್ಲಿ ಅದನ್ನು ಕುಲದ ಹೆಸರಿನಲ್ಲಿ ಓದಿಕೊಳ್ಳುತ್ತಾರೆ. ಕಾಗದದ ಮೇಲಿರುವುದನ್ನು ಸಂಸ್ಥೆಗಳು ತುಂಬಿಕೊಡಬಹುದು. ಆ ಮಟ್ಟಿಗೆ ಒಸಾಕಾದ ಕಷ್ಟವು ಪರಿಹಾರಕ್ಕೆ ಹೆಚ್ಚು ಹತ್ತಿರವಾಗಿದೆ.

7. ಮಾಡಬೇಕಾದುದೇನು

ವಿದ್ಯಾರ್ಥಿಯು ಮಾಡಬೇಕಾದುದನ್ನು ಮೊದಲು ಹೇಳೋಣ. ಪ್ರವೇಶಪತ್ರ ಬಂದ ವಾರದಲ್ಲಿಯೇ ವಿದ್ಯಾರ್ಥಿನಿಲಯಕ್ಕೆ ಅರ್ಜಿ. ಅದು ಸಿಕ್ಕದಿದ್ದರೆ ಮೊದಲ ಮೂರು ತಿಂಗಳಿಗೆ ಹಂಚಿಕೊಂಡ ಮನೆ. ಖಾಸಗಿ ಕೋಣೆಗೆ ಸಹಿ ಹಾಕುವ ಮೊದಲು ಕರಾರನ್ನು ಜಪಾನೀ ಬಲ್ಲವರಿಂದ ಓದಿಸಿಕೊಳ್ಳುವುದು. ಅದರಲ್ಲಿ ವಿಶೇಷವಾಗಿ ನೋಡತಕ್ಕವು ಮೂರು: ಬಿಡುವ ಮೊದಲು ಎಷ್ಟು ದಿನ ಮುಂಚೆ ತಿಳಿಸಬೇಕು, ನವೀಕರಣಕ್ಕೆ ಹಣವುಂಟೇ, ಠೇವಣಿಯಿಂದ ಏನೇನು ಕಳೆಯುತ್ತಾರೆ. ಒಸಾಕಾದ ಕಡೆಯಲ್ಲಿ ಠೇವಣಿಯಿಂದ ಗೊತ್ತಾದ ಮೊತ್ತವೊಂದನ್ನು ಮುರಿದುಕೊಳ್ಳುವ ಹಳೆಯ ರೂಢಿಯಿದ್ದು, ಅದು ತೀರ ಅಧಿಕವಲ್ಲದಿದ್ದರೆ ಸಿಂಧುವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತೀರ್ಪುಕೊಟ್ಟಿದೆ. ಇದಲ್ಲದ ಸಂದರ್ಭದಲ್ಲಿ, ಸಹಜ ಬಳಕೆಯಿಂದ ಸವೆದ ಗೋಡೆಗೂ ಚಾಪೆಗೂ ಬಾಡಿಗೆದಾರನು ಹಣ ತೆರಬೇಕಿಲ್ಲವೆಂದು 2020ರಿಂದ ಸಂಹಿತೆಯಲ್ಲಿಯೇ ಸ್ಪಷ್ಟವಾಗಿದೆ. ಒಳಗೆ ಹೋದ ದಿನವೇ ಕೋಣೆಯ ಗೋಡೆ, ನೆಲ, ಕಿಟಕಿಗಳ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಂಡರೆ ಬಿಡುವ ದಿನ ವಾದಕ್ಕೆ ಎಡೆಯಿರದು.

ಒಳಗೆ ಹೋದ ಮೇಲಿನ ನಡವಳಿಕೆಯೂ ವಸತಿಯ ಭಾಗವೇ. ಕಸವನ್ನು ಬಗೆಬಗೆಯಾಗಿ ವಿಂಗಡಿಸಿ ಗೊತ್ತಾದ ದಿನದಲ್ಲಿಯೇ ಇಡಬೇಕು. ರಾತ್ರಿಯ ಮಾತು ತೆಳುಗೋಡೆಯ ಆಚೆಗೆ ಕೇಳಿಸುತ್ತದೆ. ನಮ್ಮ ಒಗ್ಗರಣೆಯ ಘಾಟು ಗೋಡೆಯ ಕಾಗದದಲ್ಲಿ ತಿಂಗಳುಗಟ್ಟಲೆ ನಿಲ್ಲುವುದರಿಂದ ಗಾಳಿಯಂತ್ರವನ್ನು ಹಾಕಿಯೇ ಒಗ್ಗರಣೆ ಕೊಡಬೇಕು. ಇವು ಸಣ್ಣ ಮಾತುಗಳಂತೆ ತೋರಿದರೂ, ಮುಂದಿನ ಭಾರತೀಯ ವಿದ್ಯಾರ್ಥಿಗೆ ಅದೇ ದಲ್ಲಾಳಿ ಕೊಡುವ ಉತ್ತರವು ಇವುಗಳ ಮೇಲೆ ನಿಂತಿರುತ್ತದೆ.

ಇನ್ನು ನಮ್ಮ ಸಂಸ್ಥೆಗಳ ವಿಷಯ. ಯಾವ ಕಾಲೇಜೂ ಒಸಾಕಾದಲ್ಲಿ ಕಟ್ಟಡ ಕಟ್ಟಬೇಕಾಗಿಲ್ಲ. ಜಪಾನಿಗೆ ಹೋಗಿರುವ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ವಿಭಾಗದಲ್ಲಿಟ್ಟುಕೊಂಡರೆ, ತುರ್ತಿನ ಸಂಪರ್ಕಕ್ಕೆ ಬೇಕಾದ ಆ ಒಂದು ಹೆಸರು ದೊರೆಯುತ್ತದೆ. ವಿದ್ಯಾರ್ಥಿಯನ್ನು ಬಲ್ಲೆವೆಂದು ಹೇಳುವ ವಿಭಾಗದ ಪತ್ರವೊಂದು ಅಲ್ಲಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಮೊದಲೇ ಹೋದರೆ, ಅವನು ಅಲ್ಲಿ ಇಳಿಯುವಾಗ ಕೇವಲ ಅರ್ಜಿಯ ಸಂಖ್ಯೆಯಾಗಿರುವುದಿಲ್ಲ. ಸಂಶೋಧನೆಗಾಗಿ ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದ ಬರೆಯುವಾಗ ವಸತಿಯ ಹೊಣೆಯನ್ನು ಯಾರು ಹೊರತಕ್ಕದ್ದೆಂಬ ಒಂದು ಕಲಮನ್ನು ಸೇರಿಸಬಹುದು. ಇದಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ; ಬೇಕಾದುದು ಮುಂಚಿತವಾಗಿ ಯೋಚಿಸುವ ಅಭ್ಯಾಸ.

ಮಾರಿಕುಪ್ಪಂನ ಲೈನುಗಳಲ್ಲಿ ಕೆಲಸವು ಮನೆಗೆ ಹೊಣೆಯಾಗಿತ್ತು. ಕೆಲಸ ಹೋದಾಗ ಹೊಣೆಯೂ ಹೋಯಿತು. ಆ ಲೈನುಗಳ ಮಕ್ಕಳಿಗೆ ಇಂದು ಉಳಿದಿರುವ ಆಸ್ತಿ ವಿದ್ಯೆಯೊಂದೇ. ವಿದ್ಯೆಯು ಅವರನ್ನು ಒಸಾಕಾದವರೆಗೆ ಕರೆದೊಯ್ಯಬಲ್ಲುದು; ಆದರೆ ಅಲ್ಲಿಯ ಕೋಣೆಯ ಬಾಗಿಲಲ್ಲಿ ಇವರು ನಮ್ಮವರು ಎಂದು ಹೇಳುವುದು ವಿದ್ಯೆ ಕೊಟ್ಟ ಸಂಸ್ಥೆಯ ಕೆಲಸ. ಒಬ್ಬ ವಿದ್ಯಾರ್ಥಿಗೆ ಹೀಗೆ ಹೊಣೆಯಾದರೆ, ನಾಲ್ಕು ವರ್ಷಗಳ ಅನಂತರ ಹೊಸಬನೊಬ್ಬನ ಅರ್ಜಿಯಲ್ಲಿ ತುರ್ತಿನ ಸಂಪರ್ಕವೆಂದು ಬರೆಯಬಹುದಾದ ಹೆಸರು ಆ ವಿದ್ಯಾರ್ಥಿಯದೇ ಆಗಿರುತ್ತದೆ.